ಕ್ಯಾಲೆಂಡರನ್ನು ಗೋಡೆಗೆ ತಿರುಗಿಸಿದ ಹುಡುಗಿ: ಕಾನ್ವೆಂಟ್ ನರ್ಸರಿ ಟೀಚರೊಬ್ಬರ ಬಹಿರಂಗ ಪತ್ರ

ನರ್ಸರಿಗೆ ಮಕ್ಕಳನ್ನು ಸೇರಿಸಲು ಹೊರಟಿರುವ ಅಪ್ಪ-ಅಮ್ಮಂದಿರಿಗೆ, ಮತ್ತು ನಮ್ಮಂಥ ಶಾಲೆಗಳನ್ನು ನಡೆಸುವ ಸಿಸ್ಟರ್‌ಗಳಿಗೆ, ಫಾದರ್‌ಗಳಿಗೆ,

ನಮಸ್ಕಾರ.

ನಾನು ಮಂಗಳೂರು ಕಡೆಯ ಒಂದು ಕಾನ್ವೆಂಟ್ ನರ್ಸರಿಯಲ್ಲಿ 27 ವರ್ಷ ಟೀಚರ್ ಆಗಿದ್ದೆ. ಈಗ ಮನೆಯಲ್ಲಿದ್ದೇನೆ. ಬೆಳಿಗ್ಗೆ ಒಂಬತ್ತಾದರೆ ಈಗಲೂ ಕೈ ತಾನಾಗಿ ಚಪ್ಪಾಳೆಗೆ ಹೋಗುತ್ತದೆ. ನಾನು ಕೊಂಕಣಿ ಮಾತಾಡುವ ಕ್ಯಾಥೊಲಿಕ್ ಮನೆಯವಳು. ನನ್ನ ಕ್ಲಾಸಿನಲ್ಲಿ ಮಾತ್ರ ಎಲ್ಲರೂ ಇದ್ದರು. ತುಳು ಮಾತಾಡುವವರು, ಬ್ಯಾರಿ ಮಾತಾಡುವವರು, ಕನ್ನಡದವರು, ಈಚೀಚೆಗೆ ಉತ್ತರದ ಕಡೆಯಿಂದ ಕೆಲಸಕ್ಕೆ ಬಂದವರ ಮಕ್ಕಳೂ.

ನನ್ನ ಕೊನೆಯ ಅಡ್ಮಿಶನ್ ದಿನ ಒಂದೇ ಬೆಳಿಗ್ಗೆ ಇಬ್ಬರು ಅಪ್ಪಂದಿರು ಬಂದರು. ಮೊದಲನೆಯವರು ಸಂಕೋಚದಿಂದಲೇ ಫೋನ್ ಮುಂದಿಟ್ಟರು. ಯಾರೋ ಕಳಿಸಿದ ವಾಟ್ಸಾಪ್ ಮೆಸೇಜು. ಕಾನ್ವೆಂಟ್ ನರ್ಸರಿಗಳಲ್ಲಿ ಸಣ್ಣ ಮಕ್ಕಳ ಧರ್ಮ ಬದಲಿಸುತ್ತಾರೆ, ಎಚ್ಚರ ಅಂತ. "ಇದು ನಿಜವಾ ಟೀಚರ್? ಮನೇಲಿ ಅತ್ತೆ ಹೆದರಿಸ್ತಾ ಇದ್ದಾರೆ" ಅಂದರು. ಅವರು ಹೋಗಿ ಅರ್ಧ ಗಂಟೆಗೆ ಇನ್ನೊಬ್ಬರು. ಅವರಿಗೆ ದೇವರ ಚಿಂತೆ ಇರಲಿಲ್ಲ. "ಆಚೆ ಶಾಲೆಯಲ್ಲಿ ಎಲ್‌ಕೆಜಿ ಮುಗಿಯುವಾಗ ನೂರರ ತನಕ ಬರೀತಾರಂತೆ. ನಿಮ್ಮಲ್ಲಿ ಎಷ್ಟರ ತನಕ?" ಅಂದರು.

ಒಂಬತ್ತರಿಂದ ಹನ್ನೆರಡೂವರೆ ತನಕ ಮಗು ಇಲ್ಲಿ ಏನು ಮಾಡುತ್ತದೆ ಅಂತ ಇಬ್ಬರೂ ಕೇಳಲಿಲ್ಲ. 27 ವರ್ಷದಲ್ಲಿ ಹಾಗೆ ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು. ಕೇಳದಿದ್ದರೂ ಹೇಳಿಬಿಡೋಣ ಅನಿಸಿದೆ.

ಮೊದಲ ಕಾಲು ಗಂಟೆ ಚಪ್ಪಲಿಗೇ ಹೋಗುತ್ತದೆ. ಜೂನ್ ತಿಂಗಳು, ಹೊರಗೆ ಜಡಿಮಳೆ, ರೇನ್‌ಕೋಟುಗಳಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಚಪ್ಪಲಿ ಬಿಚ್ಚಿ, ಜೋಡಿ ಮಾಡಿ, ಗೋಡೆ ಬದಿಗೆ ಸಾಲಾಗಿ ಇಡಬೇಕು. ಮೂರು ವರ್ಷದ ಮಗುವಿಗೆ ಇದು ದೊಡ್ಡ ಲೆಕ್ಕ. ಜೋಡಿ ಅಂದರೇನು, ನನ್ನದು ಯಾವುದು, ಅವನದು ಯಾವುದು, ಬಲ ಯಾವುದು, ಎಡ ಯಾವುದು, ಎಲ್ಲ ಆ ಸಾಲಿನಲ್ಲೇ ಇದೆ. ಮನೆಗೆ ಬಂದು "ಇವತ್ತು ಏನು ಕಲಿತೆ?" ಅಂದರೆ ಮಗು "ಏನಿಲ್ಲ" ಅನ್ನುತ್ತದೆ. ಚಪ್ಪಲಿ ಇಟ್ಟದ್ದನ್ನು ಕಲಿಕೆ ಅಂತ ಅದಕ್ಕಾದರೂ ಹೇಗೆ ಗೊತ್ತು?

ಆಮೇಲೆ ಪ್ರಾರ್ಥನೆ. ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ನಮ್ಮಲ್ಲಿ ಪ್ರಾರ್ಥನೆ ಇದೆ. ಬೆಳಿಗ್ಗೆ ಒಂದು, ತಿಂಡಿಗೆ ಮುಂಚೆ ಒಂದು, ಮನೆಗೆ ಹೊರಡುವಾಗ ಒಂದು. ಬೈಬಲ್ ಕಥೆ ಇದೆ. ಡಿಸೆಂಬರಿನಲ್ಲಿ ಯೇಸು ಹುಟ್ಟಿದ ಕೊಟ್ಟಿಗೆಯ ಗೋದಲಿ ಇದೆ. ನೋಹನ ನಾವೆ, ದಾವೀದ, ಕಳೆದುಹೋದ ಕುರಿ, ಎಲ್ಲ ಹೇಳಿದ್ದೇನೆ. ಬಾವಿಗೆ ಬಿದ್ದ ಸಿಂಹದ ಕಥೆಯನ್ನೂ ಅದೇ ಬಾಯಲ್ಲಿ ಹೇಳಿದ್ದೇನೆ. ಮಕ್ಕಳಿಗೆ ಸಿಂಹದ ಕಥೆಯೇ ಜಾಸ್ತಿ ಇಷ್ಟ, ಯಾಕೆಂದರೆ ಅದರಲ್ಲಿ ನಾನು ಗರ್ಜಿಸಬೇಕಿತ್ತು.

ಐದು ರೊಟ್ಟಿ, ಎರಡು ಮೀನಿನ ಕಥೆ ಹೇಳಿದ ದಿನ ನೆನಪಿದೆ. 5,000 ಜನ ಹಸಿದು ಕೂತಿದ್ದಾರೆ. ಒಬ್ಬ ಹುಡುಗನ ಹತ್ತಿರ ಮಾತ್ರ ಬುತ್ತಿ ಇದೆ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಎದ್ದ. ಅವನ ಅಮ್ಮ ಮನೆ ಮನೆಗೆ ಮೀನು ಮಾರುವವರು.

"ಟೀಚರ್, ಬೂತಾಯಿಯಾ ಬಂಗುಡೆಯಾ?"

ಬೈಬಲಿನಲ್ಲಿ ಅದಿಲ್ಲ. "ಬಂಗುಡೆ ಇರಬಹುದು" ಅಂದೆ.

"ಎರಡು ಬಂಗುಡೆ ನಮ್ಮ ಮನೆಗೇ ಸಾಕಾಗುದಿಲ್ಲ."

ಮೀನು ತಿನ್ನದ ಮನೆಯ ಹುಡುಗಿಯೊಬ್ಬಳು ತಕ್ಷಣ, "ನಂಗೆ ರೊಟ್ಟಿ ಸಾಕು, ನನ್ನ ಮೀನು ಅವನಿಗೆ ಕೊಡಿ" ಅಂದಳು. ಪವಾಡದ ಬಗ್ಗೆ ನಾನು ಇನ್ನೂ ಬಾಯಿ ಬಿಟ್ಟಿರಲಿಲ್ಲ. ಅಷ್ಟರಲ್ಲೇ ಅಲ್ಲಿ ಹಂಚಿಕೆ ಶುರುವಾಗಿತ್ತು. ಮಾರನೆಯ ದಿನ ಮೂರು ಮಕ್ಕಳು ತಮ್ಮ ಡಬ್ಬಿಯನ್ನು ಇಡೀ ಕ್ಲಾಸಿಗೆ ಹಂಚಲು ಹೊರಟರು. ಅದರಲ್ಲೊಬ್ಬನ ಅಮ್ಮ ವಾರದ ಕೊನೆಗೆ ಬಂದು, "ಏನು ಕಥೆ ಹೇಳ್ತೀರಿ ಟೀಚರ್ ನೀವು? ಇವ ದಿನಾ ಹಸಿದುಕೊಂಡು ಬರ್ತಾನೆ" ಅಂತ ಜಗಳಕ್ಕೇ ನಿಂತರು. ಆ ದೂರನ್ನು ನಾನು ಸರ್ಟಿಫಿಕೇಟಿನ ಹಾಗೆ ಇಟ್ಟುಕೊಂಡಿದ್ದೇನೆ.

ನಮ್ಮಲ್ಲಿ ಮಗು ಕಲಿಯುವ ಅತಿ ಕಷ್ಟದ ಪಾಠ ಯಾವುದು ಅಂದರೆ ತಿಂಡಿ ಹೊತ್ತಿನ ಅರ್ಧ ನಿಮಿಷ. ಹತ್ತೂವರೆಗೆ ಗಂಟೆ. ಕೈ ತೊಳೆದು ಬಂದು ಡಬ್ಬಿ ತೆರೆದಿಡಬೇಕು. ತೆರೆದರೂ ತಿನ್ನುವಂತಿಲ್ಲ. ಎಲ್ಲರ ಡಬ್ಬಿ ತೆರೆದ ಮೇಲೆ ಕಣ್ಣು ಮುಚ್ಚಿ ಪ್ರಾರ್ಥನೆ, ಆಮೇಲೆ ಊಟ. ಹಸಿದ ಮಗು, ಮುಂದೆ ನೀರುದೋಸೆ, ಬೆಲ್ಲ ಕಾಯಿಯ ವಾಸನೆ ಮೂಗಿಗೆ ಬಡಿಯುತ್ತಿದೆ. ಒಂದು ಕಣ್ಣು ಮುಚ್ಚಿದೆ, ಇನ್ನೊಂದು ದೋಸೆಯ ಮೇಲಿದೆ. ಯಾರದೋ ಡಬ್ಬಿಯ ಮುಚ್ಚಳ ಬಿಗಿಯಾಗಿ ತೆರೆಯುತ್ತಲೇ ಇಲ್ಲ. ಎಲ್ಲರೂ ಅದೇ ಡಬ್ಬಿಯನ್ನು ನೋಡುತ್ತಿದ್ದಾರೆ. ಜೂನಿನಲ್ಲಿ ಹೀಗಾದಾಗ ಗಲಾಟೆಯಾಗುತ್ತದೆ, ಅಳು ಕೂಡ. ಆಗಸ್ಟ್ ಹೊತ್ತಿಗೆ ಪಕ್ಕದ ಮಗು ಎದ್ದು ಬಂದು ಮುಚ್ಚಳ ಹಿಡಿದು ಎಳೆಯುತ್ತದೆ. "ಹೋಗಿ ಸಹಾಯ ಮಾಡು" ಅಂತ ನಾನು ಯಾವತ್ತೂ ಹೇಳಿದ್ದಿಲ್ಲ. ಅದಕ್ಕೆ ಬೇಗ ತಿನ್ನಬೇಕಿದೆ, ಅಷ್ಟೆ! ಆದರೂ ತನ್ನ ಹಸಿವು ನೀಗಬೇಕಾದರೆ ಪಕ್ಕದವನ ಮುಚ್ಚಳ ತೆರೆಯಬೇಕು ಅನ್ನುವುದು ಮೂರು ವರ್ಷಕ್ಕೇ ಗೊತ್ತಾಯಿತಲ್ಲ.

ಪ್ರಾರ್ಥನೆಯ ಶಬ್ದಗಳು ಕ್ರೈಸ್ತರದು, ಹೌದು. ನೀವು ಮನೆಯಲ್ಲಿ "ಅನ್ನಪೂರ್ಣೆ" ಅಂದು ಕೈ ಮುಗಿದು ಕಾಯಿಸಿದರೂ, "ಬಿಸ್ಮಿಲ್ಲಾ" ಅನ್ನಿಸಿ ಕಾಯಿಸಿದರೂ ಆ ಅರ್ಧ ನಿಮಿಷ ಇರುತ್ತದೆ. ಯಾವ ಮನೆಯ ಮಕ್ಕಳಿಗೂ ಅದು ಹೊಸದಲ್ಲ. ಬ್ಯಾರಿ ಮನೆಯ ಹುಡುಗನೊಬ್ಬ ನಮ್ಮ ಪ್ರಾರ್ಥನೆ ಮುಗಿದ ಮೇಲೆ ತನ್ನದನ್ನೂ ಪಿಸುಗುಟ್ಟಿಯೇ ಕೈ ಹಾಕುತ್ತಿದ್ದ. ಅವನಿಗಾಗಿ ಇನ್ನೂ ಐದು ಸೆಕೆಂಡು ಕಾಯುವುದು ಉಳಿದವರಿಗೆ ಅಭ್ಯಾಸವಾಗಿತ್ತು.

ಈಗ ತಪ್ಪೊಪ್ಪಿಗೆ. ನಮ್ಮ ಚರ್ಚಿನಲ್ಲಿ ಪಾದ್ರಿಗೆ ತಪ್ಪು ಹೇಳಿಕೊಳ್ಳಲು ಒಂದು ಪೆಟ್ಟಿಗೆಯೇ ಇದೆ, ಆದರೂ ಇದನ್ನು ಇಲ್ಲೇ ಹೇಳಬೇಕು.

ಶುರುವಿನ ವರ್ಷಗಳಲ್ಲಿ ನಾನು ದೇವರನ್ನು ಪೊಲೀಸನ ಹಾಗೆ ಬಳಸುತ್ತಿದ್ದೆ. "ಸುಳ್ಳು ಹೇಳಿದ್ರೆ ಜೀಸಸ್‌ಗೆ ಬೇಜಾರಾಗುತ್ತೆ." "ಯಾರೂ ನೋಡಲಿಲ್ಲ ಅಂದ್ಕೋಬೇಡ, ದೇವರು ನೋಡ್ತಾ ಇದ್ದಾನೆ." 35 ಮಕ್ಕಳು, ಒಬ್ಬಳು ಟೀಚರ್, ಒಬ್ಬ ಆಯಾ. ನನ್ನ ಎರಡು ಕಣ್ಣು ಸಾಲುತ್ತಿರಲಿಲ್ಲ. ದೇವರ ಕಣ್ಣು ಪುಕ್ಕಟೆ ಸಿಗುತ್ತಿತ್ತು.

ಕ್ಲಾಸಿನ ಗೋಡೆಯಲ್ಲಿ ಯೇಸುವಿನ ಚಿತ್ರದ ಒಂದು ಕ್ಯಾಲೆಂಡರ್ ಇತ್ತು, ಮಕ್ಕಳ ಕೈಗೆ ಎಟುಕುವಷ್ಟು ಕೆಳಗೆ. ಒಂದು ದಿನ ಎಲ್ಲರೂ ಆಟಕ್ಕೆ ಹೋಗಿದ್ದಾಗ ನಾನು ಏನೋ ತರಲು ವಾಪಸ್ ಬಂದೆ. ಒಬ್ಬಳು ಒಳಗೇ ಉಳಿದಿದ್ದಳು. ಬಾಗಿಲ ಬಳಿ ನಿಂತು ನೋಡಿದೆ. ಅವಳು ಮೆಲ್ಲಗೆ ಹೋಗಿ ಕ್ಯಾಲೆಂಡರನ್ನು ತಿರುಗಿಸಿ ಚಿತ್ರವನ್ನು ಗೋಡೆಗೆ ಮುಖ ಮಾಡಿದಳು. ಒಂದು ಮೂಲೆ ಮತ್ತೆ ಈಚೆ ಬಂತು. ಅದನ್ನು ಅಂಗೈಯಿಂದ ಒತ್ತಿ ಸರಿ ಮಾಡಿದಳು. ಆಮೇಲೆ ಪಕ್ಕದವಳ ಚೀಲದಿಂದ ನೇರಳೆ ಬಣ್ಣದ ಕ್ರೇಯಾನ್ ತೆಗೆದು ತನ್ನ ಜೇಬಿಗೆ ಹಾಕಿಕೊಂಡಳು. ಕ್ಯಾಲೆಂಡರನ್ನು ಮತ್ತೆ ಮೊದಲಿನ ಹಾಗೆ ತಿರುಗಿಸಿ, ಆಟಕ್ಕೆ ಓಡಿದಳು.

ನನಗೆ ನಗು ಬಂತು. ರಾತ್ರಿ ಮಲಗಿದಾಗ ನಗು ಹೋಯಿತು. ಕದಿಯಬಾರದು ಅಂತ ನಾನು ಕಲಿಸಿದ್ದೇನೆ ಅಂದುಕೊಂಡಿದ್ದೆ. ಅವಳು ಕಲಿತದ್ದು ಕಣ್ಣು ತಪ್ಪಿಸುವುದನ್ನು. ತಪ್ಪು ಅವಳದ್ದು ಅಂತ ನನಗೆ ಈಗಲೂ ಅನಿಸುವುದಿಲ್ಲ.

ಆ ಮೇಲೆ "ದೇವರು ನೋಡ್ತಾನೆ" ಬಿಟ್ಟೆ. "ಸಾರಿ ಹೇಳು" ಅನ್ನುವುದನ್ನೂ ನಿಧಾನಕ್ಕೆ ಬಿಟ್ಟೆ. ಮಕ್ಕಳು ಅದನ್ನು ಟೋಲ್ ಕಟ್ಟಿದ ಹಾಗೆ ಹೇಳುತ್ತಾರೆ. ಸಾರಿ ಅಂದು ಮುಂದೆ ಹೋಗಿ ಮತ್ತೊಬ್ಬನಿಗೆ ಹೊಡೆಯುತ್ತಾರೆ. ಬದಲಿಗೆ, "ಅವಳಿಗೆ ನೋವಾಗಿದೆ, ಈಗ ಏನು ಮಾಡೋಣ?" ಅಂತ ಕೇಳತೊಡಗಿದೆ. ಗೆಳತಿಯ ಕೈ ಕಚ್ಚಿದ ಒಬ್ಬ ಹುಡುಗ ಸ್ವಲ್ಪ ಯೋಚಿಸಿ, ತನ್ನ ಕರ್ಚೀಫು ಒದ್ದೆ ಮಾಡಿಕೊಂಡು ಬಂದು ಅವಳ ಕೈಗೆ ಇಟ್ಟ. ಐದು ನಿಮಿಷ ಬಿಟ್ಟು ಮತ್ತೆ ತಂದ. ಮತ್ತೆ ತಂದ. ಕೊನೆಗೆ ಅವಳೇ "ಸಾಕು ಮಾರಾಯ" ಅಂದಳು. ಪಶ್ಚಾತ್ತಾಪದ ಬಗ್ಗೆ ಚರ್ಚಿನಲ್ಲಿ ಎಷ್ಟೋ ಪ್ರವಚನ ಕೇಳಿದ್ದೇನೆ, ಆ ಒದ್ದೆ ಕರ್ಚೀಫಿನಷ್ಟು ಯಾವುದೂ ನೆನಪಿಲ್ಲ.

ಸಿಸ್ಟರ್‌ಗಳೇ, ಫಾದರ್‌ಗಳೇ, ಇನ್ನು ನಿಮಗೆ ಎರಡು ಮಾತು. ನಮ್ಮವಳೇ ಹೀಗೆ ಬರೆದಳಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ.

ಬೆಳಗಿನ ಪ್ರಾರ್ಥನೆಯನ್ನು ನಾವು ಇಂಗ್ಲಿಷಿನಲ್ಲಿ ಹೇಳಿಸುತ್ತೇವೆ. "ಅವರ್ ಫಾದರ್" ಅಂತ ಶುರು. ಒಂದು ದಿನ ಒಬ್ಬ ಕೇಳಿದ: "ಟೀಚರ್, ಅವರ ಫಾದರ್ ಅಂದ್ರೆ ಯಾರ ಫಾದರ್? ನಮ್ಮ ಫಾದರ್ ಅಲ್ವಾ?" ಅವನು ಕೇಳಿಸಿಕೊಂಡದ್ದು ಕನ್ನಡದ "ಅವರ". ಇಡೀ ವರ್ಷ ಕಣ್ಣು ಮುಚ್ಚಿ, ಕೈ ಮುಗಿದು, ಬೇರೆ ಯಾರದೋ ಅಪ್ಪನನ್ನು ಕರೆದಿದ್ದಾನೆ ಪಾಪ. ಆ ಪ್ರಾರ್ಥನೆಯ ಜೀವವೇ "ನಮ್ಮ" ಅನ್ನುವ ಶಬ್ದದಲ್ಲಿದೆ. ಅದನ್ನೇ ನಾವು "ಅವರ" ಮಾಡಿ ಕೊಟ್ಟಿದ್ದೇವೆ.

ಇದು ಬರೀ ತಮಾಷೆಯಾಗಿ ಮುಗಿಯುವುದಿಲ್ಲ. ಒಂದು ವರ್ಷ ನಮ್ಮಲ್ಲಿ "ಇಂಗ್ಲಿಷ್ ಮಾತ್ರ" ಅಂತ ಬೋರ್ಡ್ ಬಂತು. ಪೋಷಕರೇ ಒತ್ತಾಯ ಮಾಡಿದ್ದು, ಅದನ್ನೂ ಹೇಳಬೇಕು. ಆ ಜೂನಿನಲ್ಲಿ ತುಳು ಮನೆಯ ಒಂದು ಮಗು ಒಂದಕ್ಕೆ ಹೋಗಬೇಕು ಅಂತ ಇಂಗ್ಲಿಷಿನಲ್ಲಿ ಹೇಳಲು ಬಾರದೆ, ತುಳುವಿನಲ್ಲಿ ಹೇಳಲು ಹೆದರಿ, ಕೂತಲ್ಲೇ ಮಾಡಿಕೊಂಡಿತು. ಅಳಲೂ ಇಲ್ಲ. ಬೆಂಚಿನ ಕೆಳಗೆ ಹರಿದುಹೋದದ್ದನ್ನು ಮೊದಲು ಕಂಡವಳು ಆಯಾ. ಮಗುವನ್ನು ಎತ್ತಿಕೊಂಡು ಹೋಗಿ ತುಳುವಿನಲ್ಲೇ ಮಾತಾಡಿಸಿ, ತೊಳೆದು, ಬೇರೆ ಚಡ್ಡಿ ಹಾಕಿ ತಂದಳು. ಆ ವರ್ಷ ನಮ್ಮ ಇಡೀ ಶಾಲೆಯಲ್ಲಿ ಬೈಬಲಿನ ಪ್ರಕಾರ ನಡೆದವಳು ಬಹುಶಃ ಅವಳೊಬ್ಬಳೇ.

ನಾವು ಯಾರ ಮಕ್ಕಳು ಅಂತ ನೆನಪು ಮಾಡಿಕೊಳ್ಳಿ. 1834ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದಾಗ ಅವರಿಗೆ ಇಲ್ಲಿನ ಒಂದು ಭಾಷೆಯೂ ಗೊತ್ತಿರಲಿಲ್ಲ. ಕೂತು ಕಲಿತರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ತಂದವರು ಮೊಗ್ಲಿಂಗ್. ಕನ್ನಡಕ್ಕೆ ಆ ದೊಡ್ಡ ನಿಘಂಟು ಕೊಟ್ಟವರು ಕಿಟೆಲ್, 1894ರಲ್ಲಿ. ತುಳುವಿಗೆ ವ್ಯಾಕರಣ ಬರೆದವರು ಬ್ರಿಗೆಲ್, ನಿಘಂಟು ಮಾಡಿದವರು ಮ್ಯಾನರ್. ಅವರು ಪ್ರೊಟೆಸ್ಟೆಂಟರು, ನಾವು ಕ್ಯಾಥೊಲಿಕರು, ಇರಲಿ. ಯುರೋಪಿನಿಂದ ಹಡಗು ಹತ್ತಿ ಬಂದವರು ನಮ್ಮ ಮಕ್ಕಳ ಮಾತು ಕಲಿತರು. ಇಲ್ಲೇ ಹುಟ್ಟಿದ ನಾವು ಅದೇ ಮಾತಿಗೆ ಬೋರ್ಡ್ ಹಾಕಿದೆವು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಣ್ಣ ಮಕ್ಕಳಿಗೆ ಮನೆಮಾತಿನಲ್ಲೇ ಕಲಿಸಿ ಅನ್ನುತ್ತದೆ. ನೀತಿಯ ಮಾತು ಬಿಡಿ, ಮಗುವಿಗೆ ಶೌಚಾಲಯ ಕೇಳಲು ಬರಬೇಕು ಅಲ್ವಾ?

ಎರಡನೆಯದು, ಪ್ರಾರ್ಥನೆ ಮತ್ತು ಬೈಬಲ್ ಕಥೆಯ ವಿಷಯ ಅಡ್ಮಿಶನ್ ದಿನವೇ ಬಾಯಿಬಿಟ್ಟು ಹೇಳಿ. ಏನು ಹೇಳಿಸುತ್ತೇವೆ ಅನ್ನುವುದನ್ನು ಕನ್ನಡದಲ್ಲಿ ಬರೆದು ಗೇಟಿನ ಹತ್ತಿರ ಅಂಟಿಸಿ. ಬೇಡ ಅನ್ನುವವರ ಮಗು ಆ ಹೊತ್ತು ಸುಮ್ನೆ ಕೂರಲಿ, ಇಲ್ಲ ಆಯಾ ಜೊತೆ ಹೂಗಿಡಕ್ಕೆ ನೀರು ಹಾಕಲಿ. ಇದು ನನ್ನ ಔದಾರ್ಯದ ಮಾತೇನೂ ಅಲ್ಲ. ಸಂವಿಧಾನದ 28ನೇ ವಿಧಿಯ 3ನೇ ಭಾಗ ಇದನ್ನೇ ಹೇಳುತ್ತದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. ಅಲ್ಪಸಂಖ್ಯಾತರಾದ ನಮಗೆ ಶಾಲೆ ನಡೆಸುವ ಹಕ್ಕು ಕೊಟ್ಟ 30ನೇ ವಿಧಿ ಇರುವುದೂ ಅದೇ ಪುಸ್ತಕದಲ್ಲಿ. ಒಂದು ಪುಟ ಹಿಡಿದುಕೊಂಡು ಇನ್ನೊಂದು ಪುಟ ಮಡಚಿಡಲು ಆಗುತ್ತದಾ? ನಾವು ಹೇಳದೆ ಬಿಟ್ಟಾಗಲೇ ಅಲ್ಲವೇ ವಾಟ್ಸಾಪ್ ಹೇಳಲು ಶುರು ಮಾಡುವುದು?

ಫೋನ್ ತೋರಿಸಿದ ಆ ಅಪ್ಪನಿಗೆ ಒಂದು ಹಳೆಯ ಸಂಗತಿ ಹೇಳಬೇಕಿತ್ತು, ಅವತ್ತು ಹೊಳೆಯಲಿಲ್ಲ. ಕಿಂಡರ್‌ಗಾರ್ಟನ್ ಅನ್ನುವ ಹೆಸರು ಕೊಟ್ಟ ಜರ್ಮನಿಯ ಫ್ರೋಬೆಲ್ ಪಾದ್ರಿಯ ಮಗ. 1851ರಲ್ಲಿ ಆಗಿನ ದೊಡ್ಡ ಜರ್ಮನ್ ರಾಜ್ಯ ಪ್ರಶ್ಯದ ಸರ್ಕಾರ ಕಿಂಡರ್‌ಗಾರ್ಟನ್‌ಗಳನ್ನೇ ನಿಷೇಧಿಸಿತು. ಕಾರಣ ಏನು ಗೊತ್ತಾ? ಅಲ್ಲಿ ಮಕ್ಕಳಿಗೆ ನಾಸ್ತಿಕತೆ ಕಲಿಸುತ್ತಾರೆ ಅಂತ. ಮಕ್ಕಳು ಅಲ್ಲಿ ಆಡುತ್ತಿದ್ದದ್ದು ಮರದ ಚೆಂಡು, ಮರದ ತುಂಡುಗಳ ಜೊತೆ. ಮೂರು ವರ್ಷದ ಮಗುವಿನ ಆಟ ನೋಡಿ ದೊಡ್ಡವರು ಬೆಚ್ಚಿಬೀಳುವುದು ಇವತ್ತಿನದಲ್ಲ.

ಮತ್ತೆ ನಮ್ಮ ಊರಿನ ಮಾತು. ಆಗಸ್ಟ್ 30ರಿಂದ ಒಂಬತ್ತು ದಿನ ನಮ್ಮಲ್ಲಿ ಕನ್ಯಾ ಮರಿಯಮ್ಮನ ನೊವೆನಾ ಪ್ರಾರ್ಥನೆ. ಮಕ್ಕಳು ಹೂ ತಂದು ಬಾಲೆ ಮರಿಯಮ್ಮನ ಮೂರ್ತಿಗೆ ಹಾಕುತ್ತಾರೆ. ಸೆಪ್ಟೆಂಬರ್ 8ಕ್ಕೆ ಮೊಂತಿ ಫೆಸ್ತ್, ಕನ್ನಡದಲ್ಲಿ ತೆನೆ ಹಬ್ಬ. ಹೂ ತಂದ ಮಕ್ಕಳಿಗೆ ಚರ್ಚಿನಲ್ಲಿ ಕಬ್ಬು ಕೊಡುತ್ತಾರೆ, ಮನೆಗೊಂದು ತೆನೆ. ನರ್ಸರಿಗೂ ಮಕ್ಕಳು ಹೂ ತರುತ್ತಿದ್ದರು. ಯಾರಿಗೂ ತರಬೇಕು ಅಂತ ಇರಲಿಲ್ಲ. ಆದರೆ ಮಳೆಗಾಲದ ಮಂಗಳೂರಿನಲ್ಲಿ ಯಾರ ಅಂಗಳದಲ್ಲಿ ದಾಸವಾಳ ಇಲ್ಲ? ಒಂದು ವರ್ಷ ತೆನೆ ತೋರಿಸಿ, "ಇದು ಏನು?" ಅಂದೆ. ಬಂಟರ ಮನೆಯ ಹುಡುಗಿಯೊಬ್ಬಳು, "ಕುರಲ್! ನಮ್ಮ ಮನೇಲೂ ಕಟ್ತಾರೆ, ಅಜ್ಜ ಕಂಬಕ್ಕೆ ಕಟ್ಟೂದು" ಅಂತ ಕೂಗಿದಳು. ಇನ್ನೊಬ್ಬ, "ನಮ್ಮಲ್ಲಿ ಹೊಸ ಅಕ್ಕಿ ಊಟ ಉಂಟು" ಅಂದ. ನಗರದ ಫ್ಲ್ಯಾಟಿನಲ್ಲಿ ಬೆಳೆದ ಕ್ಯಾಥೊಲಿಕ್ ಮಗುವಿಗೇ ತೆನೆ ಅಂದರೆ ಏನು ಅಂತ ಗೊತ್ತಿರಲಿಲ್ಲ. ಅವನಿಗೆ ಆ ಹುಡುಗಿ ಒಂದು ಭತ್ತ ಕಿತ್ತು, ಉಗುರಿನಿಂದ ಸಿಪ್ಪೆ ಸುಲಿದು, ಒಳಗಿನ ಅಕ್ಕಿ ತೋರಿಸಿದಳು. ಅವತ್ತು ನನ್ನ ಕೆಲಸ ಏನೂ ಇರಲಿಲ್ಲ.

ನೂರರ ತನಕ ಬರೆಸಬೇಕು ಅಂದ ಅಪ್ಪ, ಈಗ ನಿಮ್ಮ ಸರದಿ. ನಿಮ್ಮ ಮಗಳ ಮಣಿಕಟ್ಟು ಹಿಡಿದು ನೋಡಿ. ದೊಡ್ಡವರ ಮಣಿಕಟ್ಟಿನಲ್ಲಿ 8 ಸಣ್ಣ ಎಲುಬುಗಳಿರುತ್ತವೆ. ಮೂರು ವರ್ಷದ ಮಗುವಿನ ಕೈಯ ಎಕ್ಸ್‌ರೇ ತೆಗೆದರೆ ಸಾಮಾನ್ಯವಾಗಿ ಎರಡೋ ಮೂರೋ ಮಾತ್ರ ಕಾಣುತ್ತವೆ. ಉಳಿದವು ಇನ್ನೂ ಎಲುಬಾಗಿಲ್ಲ, ಕಿವಿಯ ಅಂಚಿನ ಹಾಗೆ ಮೆತ್ತಗಿವೆ. ಆ ಕೈಗೆ ಪೆನ್ಸಿಲ್ ಹಿಡಿಸಿ ಎರಡು ಗೆರೆಯ ನಡುವೆ ಒಂದರಿಂದ ನೂರು ಬರೆಸುವುದು ಯಾವ ಖುಷಿಗೆ? 1907ರಲ್ಲಿ ರೋಮ್‌ನ ಬಡ ಕೇರಿಯಲ್ಲಿ ಮಕ್ಕಳ ಮನೆ ತೆರೆದ ಮಾರಿಯಾ ಮಾಂಟೆಸರಿ ಉಪ್ಪುಕಾಗದದ ಅಕ್ಷರಗಳ ಮೇಲೆ ಬೆರಳಾಡಿಸಲು ಬಿಟ್ಟರು, ಪೆನ್ಸಿಲ್ ಆಮೇಲೆ ಬಂತು. ಎರಡನೇ ಮಹಾಯುದ್ಧದ ಹೊತ್ತಿಗೆ ಅವರು ನಮ್ಮ ದೇಶದಲ್ಲೇ ವರ್ಷಗಟ್ಟಲೆ ಇದ್ದು ಟೀಚರ್‌ಗಳಿಗೆ ತರಬೇತಿ ಕೊಟ್ಟಿದ್ದಾರೆ. ಹೆಸರು ಮಾತ್ರ ಬೋರ್ಡಿನಲ್ಲಿ ಉಳಿಯಿತು. ಒಳಗೆ ಕಾಪಿ ಬರೆಸುತ್ತಾರೆ.

ಒಂದನೇ ಕ್ಲಾಸಿಗೆ 6 ವರ್ಷ ತುಂಬಬೇಕು ಅನ್ನುವ ನಿಯಮ ಬಂದಾಗ ನೀವೆಲ್ಲ ಎಷ್ಟು ಗಡಿಬಿಡಿ ಮಾಡಿದಿರಿ! 2025-26ಕ್ಕೆ ಮಾತ್ರ ಅಂತ ಸರ್ಕಾರ ಅದನ್ನು 5 ವರ್ಷ 5 ತಿಂಗಳಿಗೆ ಇಳಿಸಬೇಕಾಯಿತು. ಒಂದು ವರ್ಷ ಹಾಳಾಗುತ್ತದೆ ಅನ್ನುವುದು ನಿಮ್ಮ ದೂರು. ಮರಳಿನಲ್ಲಿ ಆಡಿದ ವರ್ಷವನ್ನು ಹಾಳಾದ ಲೆಕ್ಕಕ್ಕೆ ಸೇರಿಸಿದವರು ಯಾರು ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

ಈ ಬರೆಸುವ ಗಡಿಬಿಡಿಯಲ್ಲಿ ಮೊದಲು ಕತ್ತರಿ ಬಿದ್ದದ್ದು ಯಾವುದಕ್ಕೆ ಗೊತ್ತಾ? ಆ ಅರ್ಧ ನಿಮಿಷಕ್ಕೆ. ನನ್ನ ಕೊನೆಯ ಎರಡು ವರ್ಷ ತಿಂಡಿಯ ಹೊತ್ತನ್ನು ಇಪ್ಪತ್ತರಿಂದ ಹನ್ನೆರಡು ನಿಮಿಷಕ್ಕೆ ಇಳಿಸಿದರು, ವರ್ಕ್‌ಬುಕ್ ಮುಗಿಯಬೇಕಿತ್ತು. ಪ್ರಾರ್ಥನೆ ಇತ್ತು, ಆದರೆ ಸ್ಪೀಕರಿನಲ್ಲಿ. ಮುಚ್ಚಳ ತೆರೆಯದ ಮಗುವಿಗಾಗಿ ಸ್ಪೀಕರ್ ಕಾಯುವುದಿಲ್ಲ. ಮಕ್ಕಳೂ ಕಾಯುವುದನ್ನು ಬಿಟ್ಟರು. ಪ್ರಾರ್ಥನೆ ನಡೆಯುತ್ತಿದ್ದಾಗಲೇ ಚಪ್ಪರಿಸುವ ಸದ್ದು. ಮುಚ್ಚಳ ಬಿಗಿಯಾದ ಮಗು ಡಬ್ಬಿ ಹಿಡಿದುಕೊಂಡು ನನ್ನ ಹತ್ತಿರ ಬರತೊಡಗಿತು. ಧರ್ಮ ಕಲಿಸುತ್ತೀರಾ ಅಂತ ಕೇಳಿದವರು, ಎಷ್ಟು ಬರೆಸುತ್ತೀರಿ ಅಂತ ಕೇಳಿದವರು, ಇಬ್ಬರೂ ಆ ಹನ್ನೆರಡು ನಿಮಿಷವನ್ನೊಮ್ಮೆ ಬಂದು ನೋಡಬೇಕಿತ್ತು.

ಸಿಸ್ಟರ್‌ಗಳೇ, ನರ್ಸರಿಯ ಮತ್ತು ಎಲ್‌ಕೆಜಿಯ ಕಾಪಿಪುಸ್ತಕ ಈ ವರ್ಷವೇ ತೆಗೆಯಿರಿ. ಸ್ಪೀಕರ್ ಬಂದ್ ಮಾಡಿ. ತಿಂಡಿಗೆ ಇಪ್ಪತ್ತು ನಿಮಿಷ ವಾಪಸ್ ಕೊಡಿ. ಪೋಷಕರು ಬಿಟ್ಟುಹೋಗುತ್ತಾರೆ ಅನ್ನುವ ಹೆದರಿಕೆ ನನಗೂ ಗೊತ್ತು, ಕೆಲವರು ಹೋಗಲೂಬಹುದು.

ಅಪ್ಪ-ಅಮ್ಮಂದಿರೇ, ನೀವು ಯಾವ ನರ್ಸರಿಗೇ ಸೇರಿಸಿ, ಕಾನ್ವೆಂಟಿಗೋ ಅಂಗನವಾಡಿಗೋ, ಅಡ್ಮಿಶನ್‌ಗೆ ಮುಂಚೆ ತಿಂಡಿ ಹೊತ್ತಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಕೂರಲು ಬಿಡದಿದ್ದರೆ ಬೇರೆ ಕಡೆ ಹುಡುಕಿ. ಸೇರಿಸಿದ ಮೇಲೆ ಮೊದಲ ವಾರ ಮಗು ಅಳುತ್ತದೆ. ಗೇಟಿನ ಸಂದಿಯಿಂದ ಇಣುಕಬೇಡಿ, ಅದು ನಿಮ್ಮ ಕಣ್ಣನ್ನೇ ಹುಡುಕುತ್ತಿರುತ್ತದೆ. ಚೀಲದಲ್ಲಿ ಒಂದು ಚಡ್ಡಿ ಜಾಸ್ತಿ ಇಡಿ. ಡಬ್ಬಿಯ ಮುಚ್ಚಳ ಮಾತ್ರ ತೀರಾ ಸಡಿಲದ್ದು ತರಬೇಡಿ, ಸ್ವಲ್ಪ ಬಿಗಿ ಇರಲಿ.

ಇತಿ,
ನಿಮ್ಮ ಮಕ್ಕಳ ಹಳೆಯ ಟೀಚರ್